ದಾನಚಿಂತಾಮಣಿ ಅತ್ತಿಮಬ್ಬೆ ಮತ್ತು ಲಕ್ಕುಂಡಿಯ ವಿದ್ಯಾಸಂಪತ್ತು

ಒಂದು ಊರು ವಿದ್ಯೆಯ ನೆಲೆಯೆಂದು ಹೆಸರು ಪಡೆಯಬೇಕಾದರೆ ಅದಕ್ಕೆ ಅನೇಕ ಅನುಕೂಲತೆಗಳು ಬೇಕಾಗುವವು. ಕಲಿಸುವ ಪಂಡಿತರು ಬೇಕು. ಕಲಿಯುವ ಮಕ್ಕಳು ಬೇಕು. ಉಭಯರಿಗೂ ಅನ್ನ ವಸತಿಗಳ ಏರ್ಪಾಡು ಬೇಕು. ಆ ಏರ್ಪಾಡಿಗೆ ತಕ್ಕ ದ್ರವ್ಯಬಲವೂ ಬೇಕು. ಇವೆಲ್ಲವೂ ಇದ್ದಾಗ್ಯೂ ಕಲಿಯುವವರ ಕೈಗೆ ಗ್ರಂಥವು ದೊರೆಯದಿದ್ದರೆ ಆ ಊರಿನ ವಿದ್ಯೆಯು ಕೆಲವೇ ಜನರ ಮನೆಯ ಸೊತ್ತಾಗಿ ಉಳಿದು, ಅವರೊಂದಿಗೇ ಅಳಿದುಹೋಗುವದು. ಈ ಮಾತನ್ನು ಸಾವಿರ ವರ್ಷಗಳ ಹಿಂದೆಯೇ ಚೆನ್ನಾಗಿ ಅರಿತು, ತನ್ನ ಐಶ್ವರ್ಯವನ್ನು ಗ್ರಂಥಗಳಿಗಾಗಿ ವ್ಯಯಮಾಡಿದ ಮಹಿಳೆಯೊಬ್ಬಳು ನಮ್ಮ ನಾಡಿನಲ್ಲಿಯೇ, ನಮ್ಮ ಗದಗಿನ ಸಮೀಪದಲ್ಲಿಯೇ ಇದ್ದಳು. ಆಕೆಯೇ ದಾನಚಿಂತಾಮಣಿಯೆಂದು ಬಿರುದುಗೊಂಡ ಅತ್ತಿಮಬ್ಬೆ. ಆಕೆಯ ಚರಿತ್ರೆಯನ್ನು ಹೆಣ್ಣುಮಕ್ಕಳ ಪಾಠಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಬರೆಯುವದು ಉಚಿತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡಲಾಗಿದೆ.

ಗದಗದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ಸಾಗಿದರೆ ಲಕ್ಕುಂಡಿಯು ಸಿಕ್ಕುವದು. ಇಂದು ಅದು ಒಂದು ಗ್ರಾಮ ಮಾತ್ರ. ಆದರೆ ಊರೊಳಗೆ ಕಾಲಿಟ್ಟವರಿಗೆ ಹೆಜ್ಜೆಹೆಜ್ಜೆಗೂ ಹಳೆಯ ದೇವಾಲಯಗಳೂ ಮೆಟ್ಟಿಲುಬಾವಿಗಳೂ ಗೋಚರಿಸುವವು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನರು ಆ ಊರನ್ನು ಕುರಿತು ಹೇಳುವದುಂಟು. ಕಾಶೀವಿಶ್ವನಾಥ, ನನ್ನೇಶ್ವರ, ಮಾಣಿಕೇಶ್ವರ ಮೊದಲಾದ ಗುಡಿಗಳ ಕೆತ್ತನೆಯ ಕೆಲಸವನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ಶಾಸನಗಳಲ್ಲಿ ಈ ಊರಿಗೆ ಲೊಕ್ಕಿಗುಂಡಿ ಎಂಬ ಹೆಸರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ವಿಸ್ತಾರವಾದ ಪಟ್ಟಣವಾಗಿದ್ದಿತು. ಮುಂದೆ ಹನ್ನೆರಡನೆಯ ಶತಮಾನದ ಕಡೆಯ ವರ್ಷಗಳಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಉತ್ತರದ ನಾಡನ್ನು ಗೆದ್ದುಕೊಂಡಾಗ ಇದನ್ನೇ ತನ್ನ ನೆಲೆವೀಡಾಗಿ ಮಾಡಿಕೊಂಡನು.

ಆ ಕಾಲದಲ್ಲಿ ಲೊಕ್ಕಿಗುಂಡಿಗೆ ವಿದ್ಯೆಯ ವಿಷಯದಲ್ಲಿ ಯಾವ ಯಾವ ಅನುಕೂಲತೆಗಳಿದ್ದವೆಂಬುದನ್ನು ಮೊದಲು ವಿಚಾರಿಸೋಣ. ಮೊದಲನೆಯದಾಗಿ, ಅದು ಅಗ್ರಹಾರವಾಗಿದ್ದಿತು. ಅಗ್ರಹಾರವೆಂದರೆ ಅಧ್ಯಯನ ಅಧ್ಯಾಪನಗಳನ್ನು ವೃತ್ತಿಯಾಗಿ ಉಳ್ಳ ವಿದ್ವಾಂಸರಿಗೆ ಭೂಮಿಕಾಣಿಗಳನ್ನು ಬಿಟ್ಟುಕೊಟ್ಟು ನೆಲೆಗೊಳಿಸಿದ ಊರು. ಲೊಕ್ಕಿಗುಂಡಿಯ ಸಾವಿರ ಮಂದಿ ಮಹಾಜನರ ಉಲ್ಲೇಖವು ಶಾಸನಗಳಲ್ಲಿ ಬರುತ್ತದೆ. ಎರಡನೆಯದಾಗಿ, ಅಲ್ಲಿ ಹಣದ ಚಲಾವಣೆಯು ವಿಶೇಷವಾಗಿದ್ದಿತು. ನಾಣ್ಯಗಳನ್ನು ಅಚ್ಚುಹಾಕುವ ಟಂಕಶಾಲೆಯು ಆ ಊರಿನಲ್ಲಿದ್ದು, ಲೊಕ್ಕಿಯ ಗದ್ಯಾಣವೆಂಬ ಹೊನ್ನಿನ ನಾಣ್ಯವು ನಾಡಿನಲ್ಲೆಲ್ಲ ಹೆಸರಾಗಿದ್ದಿತು. ಮೂರನೆಯದಾಗಿ, ಶೈವ ದೇವಾಲಯಗಳೂ ಜೈನ ಬಸದಿಗಳೂ ಒಂದೇ ಊರಿನಲ್ಲಿದ್ದುದರಿಂದ ಬೇರೆ ಬೇರೆ ಮತದ ಪಂಡಿತರು ಒಬ್ಬರ ಮಾತನ್ನೊಬ್ಬರು ಕೇಳುವ ಸಂದರ್ಭಗಳು ಸಹಜವಾಗಿಯೇ ಒದಗುತ್ತಿದ್ದವು. ನಾಲ್ಕನೆಯದಾಗಿ, ಸುತ್ತಲಿನ ಭಾಷೆಯು ಅಚ್ಚಕನ್ನಡವಾಗಿದ್ದಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳಿನ ನಾಡೆಂದು ಗಣಿಸಲಾದ ಪುಲಿಗೆರೆ, ಕೊಪಣಗಳು, ಎಂದರೆ ಇಂದಿನ ಲಕ್ಷ್ಮೇಶ್ವರ, ಕೊಪ್ಪಳಗಳು, ಇದರ ಎರಡೂ ಮಗ್ಗುಲುಗಳಲ್ಲಿವೆ. ಆದಿಕವಿ ಪಂಪನು ೯೪೧ರಲ್ಲಿ ಮುಗಿಸಿದ ತನ್ನ ಭಾರತವನ್ನು ಈ ಪುಲಿಗೆರೆಯ ತಿರುಳ್ಗನ್ನಡದಲ್ಲಿಯೇ ರಚಿಸಿದನು.

ಇಂತಹ ನಾಡಿನಲ್ಲಿ ಅತ್ತಿಮಬ್ಬೆಯು ಬಾಳಿದಳು. ಆದರೆ ಆಕೆಯ ತವರಿನ ಮೂಲವು ದೂರದ್ದು. ಆಕೆಯ ಅಜ್ಜನಾದ ನಾಗಮಯ್ಯನು ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನವನು. ಕೌಂಡಿನ್ಯಗೋತ್ರದ ಮನೆತನದವನಾಗಿದ್ದು ಜೈನಧರ್ಮವನ್ನು ಅನುಸರಿಸಿದವನು. ಅವನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಇವರಿಬ್ಬರೂ ಕತ್ತಿಯನ್ನು ಹಿಡಿದವರಾದರೂ ಗ್ರಂಥಪ್ರೇಮವುಳ್ಳವರಾಗಿದ್ದರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮಾರಕವಾಗಿ ಒಂದು ಕಾವ್ಯವನ್ನು ಬರೆಯಿಸಬೇಕೆಂದು ಸಂಕಲ್ಪಿಸಿ, ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದಿದ್ದ ಪೊನ್ನಕವಿಯನ್ನು ಪ್ರಾರ್ಥಿಸಿದರು. ಹಾಗೆ ಹುಟ್ಟಿದ ಗ್ರಂಥವೇ ಹನ್ನೆರಡು ಆಶ್ವಾಸಗಳ ಶಾಂತಿಪುರಾಣ. ಮುಂದೆ ಪುನ್ನಮಯ್ಯನು ಕಾವೇರೀತೀರದ ಕಾಳಗದಲ್ಲಿ ಮಡಿದನು. ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಮಗಳೇ ಅತ್ತಿಮಬ್ಬೆ. ಗುಂಡಮಬ್ಬೆಯು ಅವಳ ತಂಗಿ.

ಗುರುವಿನ ನೆನಪಿಗಾಗಿ ಹಿರಿಯರು ಕಟ್ಟಿಸಿದ್ದು ಗೋರಿಯನ್ನಲ್ಲ, ಬರೆಯಿಸಿದ್ದು ಪುಸ್ತಕವನ್ನು. ಇಂತಹ ಮನೆಯಲ್ಲಿ ಬೆಳೆದ ಹುಡುಗಿಗೆ ಪುಸ್ತಕವೆಂದರೆ ಪೂಜೆಯ ಗೂಡಿನಲ್ಲಿ ಇಟ್ಟು ಕೈಮುಗಿಯುವ ವಸ್ತುವಾಗದೆ, ಸತ್ತವರನ್ನು ಬದುಕಿರುವವರೊಡನೆ ಕೂಡಿಸುವ ಸಾಧನವೆಂದು ತೋರಿದ್ದರೆ ಆಶ್ಚರ್ಯವೇನಿದೆ? ಮಕ್ಕಳು ತಂದೆತಾಯಿಗಳ ಉಪದೇಶಕ್ಕಿಂತ ಅವರ ಖರ್ಚುವೆಚ್ಚದ ರೀತಿಯಿಂದಲೇ ಹೆಚ್ಚಾಗಿ ಕಲಿಯುವರೆಂಬುದನ್ನು ಹೆತ್ತವರು ಇಲ್ಲಿ ನೆನೆಯಬಹುದು.

೯೭೩ರಲ್ಲಿ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ರಾಜ್ಯವನ್ನು ಪುನಃ ಸ್ಥಾಪಿಸಿದನು. ಅವನ ಆಸ್ಥಾನದಲ್ಲಿ ಮಂತ್ರಿಪದವಿಯಲ್ಲಿದ್ದ ಧಲ್ಲಪನ ಮಗನಾದ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹ ಮಾಡಲಾಯಿತು. ಅಕ್ಕತಂಗಿಯರು ಒಂದೇ ಮನೆಯ ಸೊಸೆಯರಾದರು. ನಾಗದೇವನು ಶೂರನೆಂದು ಹೆಸರಾದ ಸೇನಾನಿ. ಅತ್ತಿಮಬ್ಬೆಗೆ ಒಬ್ಬ ಮಗನು ಹುಟ್ಟಿದನು. ಅಣ್ಣಿಗದೇವನೆಂದೂ ಪಡೆವಳ ತೈಲನೆಂದೂ ಪ್ರಸಿದ್ಧನಾದವನು ಇವನೇ.

ಮನೆಯು ಹೀಗೆ ಸುಖದಲ್ಲಿರುವಾಗಲೇ ನಾಗದೇವನು ಅಕಾಲದಲ್ಲಿ ಮರಣಹೊಂದಿದನು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕಿ ಉಳಿದಳು. ಈ ಎರಡು ವಾಕ್ಯಗಳಲ್ಲಿ ಅಡಗಿರುವ ಸಂಕಟವನ್ನು ವಿಸ್ತರಿಸಿ ಬರೆಯುವ ಅಗತ್ಯವಿಲ್ಲ. ಒಂದೇ ದಿನ ಗಂಡನನ್ನೂ ಒಡಹುಟ್ಟಿದವಳನ್ನೂ ಬೂದಿಯಾಗಿ ಕಂಡವಳು ಮರುದಿನ ಎದ್ದು ಮಗನಿಗೆ ಉಣಿಸಬೇಕಾಗಿದ್ದಿತು. ಆ ಕಾಲದ ಜನರು ಸಹಗಮನವನ್ನು ಕೀರ್ತಿಯ ಮಾರ್ಗವೆಂದು ಕೊಂಡಾಡುತ್ತಿದ್ದರು; ಅಂಥವರಿಗಾಗಿ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನು ನಾಡಿನಲ್ಲಿ ಈಗಲೂ ಕಾಣಬಹುದು. ಉಳಿದವಳಿಗೆ ಅಂತಹ ಕಲ್ಲಿನ ಗೌರವವಿರಲಿಲ್ಲ. ಅವಳ ಮುಂದೆ ಇದ್ದುದು ಉದ್ದವಾದ ಆಯುಷ್ಯ ಮಾತ್ರ. ಅದನ್ನು ವ್ರತನಿಯಮಗಳಲ್ಲಿ ಕೃಶವಾಗುತ್ತ ಒಂದು ಮೂಲೆಯಲ್ಲಿ ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅತ್ತಿಮಬ್ಬೆಯು ವ್ರತನಿಯಮಗಳನ್ನು ಬಿಡಲಿಲ್ಲ. ಆದರೆ ಮೂಲೆಯಲ್ಲಿಯೂ ಕುಳಿತುಕೊಳ್ಳಲಿಲ್ಲ. ಮಗನನ್ನು ಸಾಕಿ, ವಿದ್ಯೆಶಸ್ತ್ರಗಳಲ್ಲಿ ನುರಿತವನನ್ನಾಗಿ ಮಾಡಿ, ತಂದೆಯಂತೆಯೇ ಸೇನಾನಾಯಕನ ಪದವಿಗೆ ಏರುವಂತೆ ಬೆಳೆಯಿಸಿದಳು. ತೈಲಪನ ತರುವಾಯ ಪಟ್ಟವೇರಿದ ಸತ್ಯಾಶ್ರಯ ಇರಿವಬೆಡಂಗನ ಕಾಲದಲ್ಲಿ ಪಡೆವಳ ತೈಲನು ಲೊಕ್ಕಿಗುಂಡಿಯನ್ನೊಳಗೊಂಡ ಮಾಸವಾಡಿ ನಾಡಿನ ಆಡಳಿತವನ್ನು ನಡೆಯಿಸಿದನು. ಹೀಗೆ ಲೊಕ್ಕಿಗುಂಡಿಯು ತಾಯಿಯ ಧರ್ಮಕಾರ್ಯಗಳಿಗೂ ನೆಲೆಯಾಯಿತು.

ಜೈನಧರ್ಮದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳಿರುವರು. ಹಸಿದವನಿಗೆ ಅನ್ನ, ಅಂಜಿದವನಿಗೆ ಆಸರೆ, ರೋಗಿಗೆ ಔಷಧ ಇವುಗಳ ಸಾಲಿನಲ್ಲಿಯೇ ಓದುವವನಿಗೆ ಗ್ರಂಥವನ್ನೂ ಇಟ್ಟಿರುವದು ಗಮನಿಸತಕ್ಕ ಸಂಗತಿ. ಅತ್ತಿಮಬ್ಬೆಯು ನಾಲ್ಕನ್ನೂ ಮಾಡಿದಳು. ಚಿನ್ನ ರತ್ನಗಳ ಒಂದು ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳೆಂದು ಹೇಳಿಕೆಯುಂಟು. ಆದರೆ ಆಕೆಯ ಹೆಸರನ್ನು ಕನ್ನಡಿಗರು ಇಂದಿಗೂ ಮರೆಯದಿರಲು ಮುಖ್ಯ ಕಾರಣವು ನಾಲ್ಕನೆಯ ದಾನವೇ. ತನ್ನ ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಆಕೆಯು ಹಂಚಿದಳು.

ಸಾವಿರ ಪ್ರತಿಗಳೆಂದರೆ ಈಗಿನ ಮುದ್ರಣಾಲಯಕ್ಕೆ ಕೆಲವು ತಾಸಿನ ಕೆಲಸವು. ಆ ಕಾಲದಲ್ಲಿ ಅದು ಎಷ್ಟು ದೊಡ್ಡ ಕಾರ್ಯವಾಗಿದ್ದಿತೆಂಬುದನ್ನು ಸ್ವಲ್ಪ ಯೋಚಿಸಬೇಕು. ಮೊದಲು ತಾಳೆಯ ಗರಿಗಳನ್ನು ಕಡಿದು ತರಬೇಕು. ಅವುಗಳನ್ನು ಒಂದೇ ಅಳತೆಗೆ ಕತ್ತರಿಸಿ, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಬೇಕು. ಆಮೇಲೆ ಲಿಪಿಕಾರನು ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಗರಿಯ ಮೇಲೆ ಕೊರೆಯುತ್ತ ಹೋಗಬೇಕು. ಒತ್ತು ಹೆಚ್ಚಾದರೆ ಗರಿಯು ಸೀಳುವದು, ಕಡಿಮೆಯಾದರೆ ಅಕ್ಷರವು ಮೂಡಲಾರದು. ಕೊರೆದಾದ ಬಳಿಕ ದೀಪದ ಮಸಿಯನ್ನು ಹಚ್ಚಿ ಒರಸಿದರೆ ಬರಹವು ಕಪ್ಪಾಗಿ ಎದ್ದುಕಾಣುವದು. ಕೊನೆಗೆ ಗರಿಗಳಿಗೆ ತೂತುಮಾಡಿ, ದಾರವನ್ನು ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟಬೇಕು. ಪಂಡಿತನೊಬ್ಬನು ಮೂಲದೊಡನೆ ತಾಳೆನೋಡಿ ತಪ್ಪುಗಳನ್ನು ತಿದ್ದಬೇಕು. ಒಬ್ಬ ಲಿಪಿಕಾರನು ತಿಂಗಳಿಗೊಂದು ಪ್ರತಿಯನ್ನು ಮುಗಿಸುವನೆಂದು ಲೆಕ್ಕಹಾಕಿದರೂ ಸಾವಿರ ಪ್ರತಿಗಳಿಗೆ ೮೩ ವರ್ಷಗಳಿಗೂ ಮಿಕ್ಕಿ ಬೇಕಾಗುವವು. ಹತ್ತು ಮಂದಿ ಕೂಡಿ ಕುಳಿತರೂ ಎಂಟು ವರ್ಷಗಳ ಮೇಲೆ ಹಿಡಿಯುವದು. ಅಷ್ಟು ಕಾಲ ಅಷ್ಟು ಮಂದಿಯ ಸಂಸಾರಗಳಿಗೆ ಅನ್ನವಸ್ತ್ರಗಳನ್ನು ಒದಗಿಸಬೇಕು.

ಅದೇ ಕಾಲದಲ್ಲಿ ಲೋಕದ ಬೇರೆ ಕಡೆಗಳಲ್ಲಿ ಏನು ನಡೆದಿದ್ದಿತೆಂಬುದನ್ನು ನೋಡಿದರೆ ಈ ಕಾರ್ಯದ ಮಹತ್ವವು ಇನ್ನೂ ಸ್ಪಷ್ಟವಾಗುವದು. ಚೀನದೇಶದಲ್ಲಿ ೯೭೧ರಿಂದ ೯೮೩ರ ವರೆಗೆ ಅರಸನ ಆಜ್ಞೆಯಂತೆ ಬೌದ್ಧ ಧರ್ಮಗ್ರಂಥಗಳನ್ನು ಸುಮಾರು ೧,೩೦,೦೦೦ ಮರದ ಅಚ್ಚುಗಳಲ್ಲಿ ಕೆತ್ತಿ ಮುದ್ರಿಸಿದರು. ಅದು ಒಂದು ಸಾಮ್ರಾಜ್ಯವು ಕೈಕೊಂಡ ಕಾರ್ಯ. ಯುರೋಪಿನಲ್ಲಿ ಗುಟೆನ್‌ಬರ್ಗನು ಬಿಡಿಮೊಳೆಗಳಿಂದ ಬೈಬಲ್ಲನ್ನು ಅಚ್ಚುಮಾಡಿದುದು ೧೪೫೫ರ ಸುಮಾರಿಗೆ. ಆಗ ತೆಗೆದ ಪ್ರತಿಗಳ ಸಂಖ್ಯೆಯು ಸುಮಾರು ೧೮೦. ಕನ್ನಡನಾಡಿನಲ್ಲಿ ಅಚ್ಚಿನ ಮರವಿಲ್ಲ, ಮೊಳೆಯಿಲ್ಲ. ಬರಿಯ ಕೈಬರಹದಿಂದ ಸಾವಿರ ಪ್ರತಿಗಳನ್ನು ಮಾಡಿಸಿದವಳು ಒಬ್ಬ ವಿಧವೆ. ರಾಜಾಜ್ಞೆಯ ಬಲದಿಂದಲ್ಲ, ಸ್ವಂತ ದ್ರವ್ಯದಿಂದ ಮಾಡಿಸಿದಳು.

ಈ ದಾನದ ಫಲವು ಏನಾಯಿತು? ಪೊನ್ನನು ಭುವನೈಕರಾಮಾಭ್ಯುದಯವೆಂಬ ಇನ್ನೊಂದು ಕಾವ್ಯವನ್ನೂ ಬರೆದಿದ್ದನು. ಅದು ಇಂದು ನಮಗೆ ಉಪಲಬ್ಧವಿಲ್ಲ. ಅದರ ಹೆಸರು ಮಾತ್ರ ಉಳಿದಿದೆ. ಶಾಂತಿಪುರಾಣವು ಪೂರ್ಣವಾಗಿ ಉಳಿದು ಬಂದು, ಅಚ್ಚಾಗಿ, ವಿದ್ಯಾರ್ಥಿಗಳ ಕೈಸೇರಿದೆ. ತಾಳೆಗರಿಯ ಗ್ರಂಥಕ್ಕೆ ಗೆದ್ದಲು, ತೇವ, ಬೆಂಕಿ, ಅಲಕ್ಷ್ಯ ಎಂಬ ನಾಲ್ವರು ಶತ್ರುಗಳು. ಒಂದೆರಡು ಪ್ರತಿಗಳಿದ್ದ ಪುಸ್ತಕವು ಒಂದು ಮಳೆಗಾಲದಲ್ಲಿ ಇಲ್ಲವಾಗಬಹುದು. ಸಾವಿರ ಮನೆ ಬಸದಿಗಳಲ್ಲಿ ಹರಡಿದ ಪುಸ್ತಕವನ್ನು ಅಳಿಸುವದು ಕಾಲಪುರುಷನಿಗೂ ಸುಲಭವಲ್ಲ.

ಅತ್ತಿಮಬ್ಬೆಯು ಹಳೆಯ ಗ್ರಂಥವನ್ನು ಉಳಿಸಿದುದಷ್ಟೇ ಅಲ್ಲ, ಹೊಸ ಗ್ರಂಥಕ್ಕೂ ಕಾರಣಳಾದಳು. ಕವಿಚಕ್ರವರ್ತಿ ರನ್ನನು ೯೪೯ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಜನಿಸಿದವನು. ಜಿನವಲ್ಲಭ, ಅಬ್ಬಲಬ್ಬೆಯರು ಅವನ ತಂದೆತಾಯಿಗಳು. ಬಳೆ ಮಾರುವ ಮನೆಯ ಹುಡುಗನಿಗೆ ಉಚ್ಚ ವಿದ್ಯೆಯ ಹಂಬಲ ಹುಟ್ಟಿತು. ಆದರೆ ಅದನ್ನು ಪೂರೈಸಿಕೊಳ್ಳಲು ಅವನು ತನ್ನೂರನ್ನು ಬಿಟ್ಟು ದೂರದ ಗಂಗರ ನಾಡಿಗೆ ಹೋಗಬೇಕಾಯಿತು. ಅಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಶ್ರವಣಬೆಳಗೊಳದ ಗೊಮ್ಮಟ ವಿಗ್ರಹವನ್ನು ನಿಲ್ಲಿಸಿದ ಚಾವುಂಡರಾಯನ ಆಶ್ರಯವನ್ನು ಪಡೆದು ವಿದ್ವಾಂಸನಾದನು. ಅನಂತರ ಚಾಲುಕ್ಯರ ಆಸ್ಥಾನಕ್ಕೆ ಬಂದು ತೈಲಪನಿಂದ ಸನ್ಮಾನಿತನಾದನು. ಅತ್ತಿಮಬ್ಬೆಯ ಪ್ರೇರಣೆಯಿಂದ ೯೯೩ರಲ್ಲಿ ಅವನು ಎರಡನೆಯ ತೀರ್ಥಂಕರನ ಚರಿತ್ರೆಯಾದ ಅಜಿತಪುರಾಣವನ್ನು ಮುಗಿಸಿದನು. ಆ ಕಾವ್ಯದಲ್ಲಿ ಆಕೆಯ ವಂಶವನ್ನೂ ಗುಣಗಳನ್ನೂ ದಾನಗಳನ್ನೂ ವಿಸ್ತಾರವಾಗಿ ವರ್ಣಿಸಿರುವನು. ನಾವು ಇಂದು ಅತ್ತಿಮಬ್ಬೆಯ ಜೀವನದ ವಿಷಯವಾಗಿ ತಿಳಿದಿರುವದರಲ್ಲಿ ಬಹುಭಾಗವು ರನ್ನನ ಈ ವರ್ಣನೆಯಿಂದಲೂ ಲಕ್ಕುಂಡಿಯ ಶಿಲಾಶಾಸನದಿಂದಲೂ ದೊರೆತದ್ದು.

ರನ್ನನ ಕೃತಜ್ಞತೆಯು ಕಾವ್ಯದಲ್ಲಿಯೇ ನಿಲ್ಲಲಿಲ್ಲ. ಅವನು ತನ್ನ ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕವಿಗಳು ಆಶ್ರಯದಾತರನ್ನು ಹೊಗಳುವದು ವಾಡಿಕೆ. ಹೊಗಳಿಕೆಯಲ್ಲಿ ಹಣದ ಋಣವು ತೀರಬಹುದು. ಆದರೆ ದಿನಕ್ಕೆ ಹತ್ತು ಸಲ ಕೂಗಿ ಕರೆಯಬೇಕಾದ ಮಗಳ ಹೆಸರನ್ನು ಯಾರೂ ಬರಿಯ ವಾಡಿಕೆಗಾಗಿ ಇಡುವದಿಲ್ಲ. ತನ್ನ ಮಗಳು ಆ ಮಹಿಳೆಯಂತೆ ಆಗಲೆಂಬ ಹಾರೈಕೆಯು ಅದರಲ್ಲಿ ಅಡಗಿದೆ.

ಲೊಕ್ಕಿಗುಂಡಿಯಲ್ಲಿ ಅತ್ತಿಮಬ್ಬೆಯು ಕಟ್ಟಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಅದಕ್ಕೆ ಸಂಬಂಧಿಸಿದ ಶಾಸನವು ಕ್ರಿ.ಶ. ೧೦೦೭ರದು. ಒರಟಾದ ಮರಳುಗಲ್ಲಿಗೆ ಬದಲಾಗಿ ನಯವಾದ ಬಳಪದ ಜಾತಿಯ ಕಲ್ಲನ್ನು ಉಪಯೋಗಿಸಿ ಸೂಕ್ಷ್ಮವಾಗಿ ಕೆತ್ತುವ ಪದ್ಧತಿಯು ಈ ಪ್ರಾಂತದಲ್ಲಿ ತೊಡಗಿದ ಕಾಲದ ಗುಡಿಗಳಲ್ಲಿ ಇದೂ ಒಂದು. ಒಳಗೆ ನಾಲ್ಕು ಮೊಗದ ಬ್ರಹ್ಮನ ಸುಂದರವಾದ ನಿಂತ ವಿಗ್ರಹವಿದೆ. ಬಸದಿಯೆಂದರೆ ಪೂಜಾಸ್ಥಾನ ಮಾತ್ರವಲ್ಲ. ಮುನಿಗಳು ತಂಗಿ ಶಾಸ್ತ್ರವನ್ನು ಬೋಧಿಸುವ, ಗ್ರಂಥಗಳನ್ನು ಸಂಗ್ರಹಿಸಿಡುವ ಸ್ಥಳವೂ ಆಗಿದ್ದಿತು.

ಈ ೧೦೦೭ನೆಯ ವರ್ಷವು ನಾಡಿಗೆ ಸುಖದ ವರ್ಷವಾಗಿರಲಿಲ್ಲ. ತಂಜಾವೂರಿನ ಚೋಳರ ಮಹಾಸೈನ್ಯವು ಚಾಲುಕ್ಯರ ರಾಜ್ಯದೊಳಗೆ ನುಗ್ಗಿದುದು ಅದೇ ವರ್ಷ. ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ ಶಾಸನವು ಆ ದಂಡು ಹೆಂಗಸರು, ಮಕ್ಕಳು, ಬ್ರಾಹ್ಮಣರೆನ್ನದೆ ಕೊಂದು, ನಾಡನ್ನು ಸೂರೆಗೊಂಡಿತೆಂದು ವರ್ಣಿಸಿದೆ. ಅತ್ತಿಮಬ್ಬೆಯ ಮಗನು ಅದೇ ರಾಜ್ಯದ ಸೇನಾನಾಯಕ. ಗಂಡನನ್ನು ಕಳೆದುಕೊಂಡು ಉಳಿದಿದ್ದ ತಾಯಿಗೆ ಮಗನ ಚಿಂತೆಯು ಎಷ್ಟಿದ್ದಿರಬೇಕೆಂಬುದನ್ನು ತಾಯಂದಿರು ಊಹಿಸಬಲ್ಲರು. ಯುದ್ಧವು ಮುಗಿದು ಶಾಂತಿಯು ನೆಲೆಗೊಂಡ ಬಳಿಕ ವಿದ್ಯೆ ಧರ್ಮಗಳ ವಿಚಾರವನ್ನು ಮಾಡೋಣವೆಂದು ಆಕೆಯು ಕಾದಿದ್ದರೆ ಲಕ್ಕುಂಡಿಯಲ್ಲಿ ಇಂದು ಆ ಬಸದಿಯು ಇರುತ್ತಿರಲಿಲ್ಲ.

ಆಕೆಯ ವಿಷಯವಾಗಿ ಅನೇಕ ಪವಾಡಗಳೂ ಪ್ರಚಾರದಲ್ಲಿದ್ದವು. ಗೊಮ್ಮಟನ ದರ್ಶನವಾಗುವ ವರೆಗೆ ಅನ್ನವನ್ನು ಮುಟ್ಟುವದಿಲ್ಲವೆಂದು ಸಂಕಲ್ಪಿಸಿ ಆಕೆಯು ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಿ ದಣಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವನ್ನು ಪರಿಹರಿಸಿತೆಂದೂ, ತುಂಬಿ ಹರಿಯುತ್ತಿದ್ದ ಗೋದಾವರಿಯು ಆಕೆಯ ಪ್ರಭಾವದಿಂದ ನಿಂತಿತೆಂದೂ ಹೇಳುವರು. ಈ ಕಥೆಗಳನ್ನು ನಂಬುವದೂ ಬಿಡುವದೂ ವಾಚಕರ ಇಚ್ಛೆ. ಆದರೆ ನದಿಗಳೂ ಮೇಘಗಳೂ ಒಬ್ಬ ಹೆಂಗಸಿನ ಮಾತಿಗೆ ತಲೆಬಾಗುವವೆಂದು ಜನರು ನಂಬಬೇಕಾದರೆ, ಆಕೆಯಲ್ಲಿ ಅವರಿಗೆ ಎಷ್ಟು ಗೌರವವಿದ್ದಿರಬೇಕು! ವಿಧವೆಯ ದರ್ಶನವನ್ನೇ ಅಪಶಕುನವೆಂದು ಬಗೆಯುವ ಮೂಢತನವು ನಮ್ಮ ಸಮಾಜದಲ್ಲಿ ಬಹುಕಾಲ ಇದ್ದಿತು. ಅದೇ ಸಮಾಜವು ಸಾವಿರ ವರ್ಷಗಳ ಹಿಂದೆ ಒಬ್ಬ ವಿಧವೆಯನ್ನು ಪಾವನಳೆಂದು ಕಲ್ಲಿನಲ್ಲಿ ಕೊರೆಯಿಸಿ ಹೊಗಳಿದೆಯೆಂಬುದನ್ನು ಮರೆಯಲಾಗದು.

ಈಗ ಆ ಕಾಲದ ವಿದ್ಯಾಭ್ಯಾಸದ ಕ್ರಮವನ್ನು ಸ್ವಲ್ಪ ನೋಡೋಣ. ಅಕ್ಷರ, ಲೆಕ್ಕ, ನಿಘಂಟು, ವ್ಯಾಕರಣಗಳ ಮೊದಲ ಪಾಠಗಳು ಮಠಗಳಲ್ಲಿಯೂ ಅಗ್ರಹಾರದ ಮನೆಗಳಲ್ಲಿಯೂ ನಡೆಯುತ್ತಿದ್ದವು. ಉಚ್ಚ ಶಿಕ್ಷಣಕ್ಕೆ ಶಾಲೆಗಳೂ ಘಟಿಕಾಸ್ಥಾನಗಳೂ ಇದ್ದವು. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ೯೪೫ರಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕಾಗಿ ೨೭ ಮನೆಗಳನ್ನು ಬಿಟ್ಟುಕೊಟ್ಟಿದ್ದರು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, ೧೦೫೮ರ ಶಾಸನದಂತೆ, ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ವೇದಗಳನ್ನು ಕಲಿಸಲು ಮೂವರು, ಶಾಸ್ತ್ರಗಳನ್ನು ಕಲಿಸಲು ಮೂವರು. ಇವರಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ಕಲಿಸುವವರು ಎಷ್ಟು ಮಂದಿಯೋ ಪುಸ್ತಕಗಳನ್ನು ನೋಡಿಕೊಳ್ಳುವವರೂ ಅಷ್ಟೇ ಮಂದಿ! ಪುಸ್ತಕ ಭಂಡಾರಕ್ಕೆ ಹಿಂದಿನವರು ಕೊಟ್ಟ ಮನ್ನಣೆಯನ್ನು ಇದರಿಂದ ತಿಳಿಯಬಹುದು.

ಆದರೆ ಈ ವೈಭವವನ್ನು ಹೊಗಳುವಾಗ ಅದರ ಕೊರತೆಯನ್ನು ಮುಚ್ಚಿಡುವದು ಸತ್ಯಕ್ಕೆ ದ್ರೋಹವಾದೀತು. ಘಟಿಕಾಸ್ಥಾನಗಳ ವಿದ್ಯಾರ್ಥಿಗಳ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಸ್ಥಳವಿರಲಿಲ್ಲ. ಅಗ್ರಹಾರದ ಬಾಗಿಲು ಎಲ್ಲ ಕುಲದವರಿಗೂ ತೆರೆದಿರಲಿಲ್ಲ. ಬಳೆಗಾರನ ಮಗನಾದ ರನ್ನನು ವಿದ್ಯೆಗಾಗಿ ಅಷ್ಟು ದೂರ ಅಲೆಯಬೇಕಾಯಿತೆಂಬುದನ್ನು ಮೇಲೆ ಹೇಳಿದೆ. ಸಿರಿವಂತರ ಮನೆಯ ಹೆಣ್ಣುಮಕ್ಕಳು ಮನೆಯಲ್ಲಿಯೇ ಹಿರಿಯರಿಂದಲೂ ಗುರುಗಳಿಂದಲೂ ಕೇಳಿ ಕಲಿಯುತ್ತಿದ್ದರು. ಬಡವರ ಹೆಣ್ಣುಮಕ್ಕಳಿಗೆ ಅದೂ ಇರಲಿಲ್ಲ. ಆದುದರಿಂದಲೇ ಅತ್ತಿಮಬ್ಬೆಯ ಕಾರ್ಯಕ್ಕೆ ವಿಶೇಷ ಅರ್ಥವಿದೆ. ಹೆಣ್ಣಿಗೆ ಶಾಲೆಯ ಬಾಗಿಲು ಮುಚ್ಚಿದ್ದಾಗ, ಶಾಲೆಗೆ ಜೀವಾಳವಾದ ಗ್ರಂಥವನ್ನು ಒದಗಿಸಿದವಳು ಹೆಣ್ಣು. ಮೇಲಾಗಿ, ಆಕೆಯು ಹಂಚಿದ ಪುಸ್ತಕವು ಸಂಸ್ಕೃತದ್ದಲ್ಲ, ಕನ್ನಡದ್ದು. ಕನ್ನಡ ಪುರಾಣವನ್ನು ಒಬ್ಬರು ಓದಿದರೆ ಮನೆಯ ಹೆಂಗಸರೂ ಮಕ್ಕಳೂ ಕುಳಿತು ಕೇಳಬಹುದು. ಶಾಲೆಗೆ ಹೋಗಲಾರದವರ ಬಳಿಗೆ ವಿದ್ಯೆಯು ತಾನೇ ನಡೆದು ಬಂದಂತಾಯಿತು.

ಆಕೆಯ ತರುವಾಯವೂ ಈ ನೆರೆಹೊರೆಯ ವಿದ್ಯಾಸಂಪತ್ತು ಕುಂದಲಿಲ್ಲ. ಗದಗದ ಹತ್ತಿರದ ಮುಳಗುಂದದಲ್ಲಿ ಮಲ್ಲಿಷೇಣಾಚಾರ್ಯರು ೧೦೪೭ರಲ್ಲಿ ಸಂಸ್ಕೃತದ ಮಹಾಪುರಾಣವನ್ನು ಪೂರ್ಣಗೊಳಿಸಿದರು. ಅದೇ ಊರಿನಲ್ಲಿ ನಯಸೇನನು ೧೧೧೨ರ ಸುಮಾರಿಗೆ ಧರ್ಮಾಮೃತವನ್ನು ಬರೆದನು. ಸಂಸ್ಕೃತದ ಬೆರಕೆಯನ್ನು ತಗ್ಗಿಸಿ ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆಯಬೇಕೆಂಬುದು ಅವನ ಹಟ. ಗದಗದ ತ್ರಿಕೂಟೇಶ್ವರ ದೇವಾಲಯದ ಆಚಾರ್ಯರಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತರ ಪಾಂಡಿತ್ಯವನ್ನು ೧೧೯೨ರ ಶಾಸನವು ಕೊಂಡಾಡಿದೆ. ಅದೇ ಪಟ್ಟಣದ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ತನ್ನ ಭಾರತವನ್ನು ರಚಿಸಿದನೆಂಬುದು ಎಲ್ಲರಿಗೂ ತಿಳಿದ ಮಾತು. ಒಂದು ಊರಿನಲ್ಲಿ ಹಚ್ಚಿದ ದೀಪದಿಂದ ನೆರೆಯೂರುಗಳ ದೀಪಗಳೂ ಹೊತ್ತಿಕೊಳ್ಳುವವು.

ಕಾಲವು ಕಳೆದು ಲಕ್ಕುಂಡಿಯ ಟಂಕಶಾಲೆಯು ನಿಂತುಹೋಯಿತು. ಅಗ್ರಹಾರವು ಚದರಿಹೋಯಿತು, ಅರಸರ ಬೀಡು ಬೇರೆಡೆಗೆ ಹೋಯಿತು. ಪಟ್ಟಣವು ಹಳ್ಳಿಯಾಯಿತು. ಆದರೆ ಅತ್ತಿಮಬ್ಬೆಯು ಬರೆಯಿಸಿದ ಗ್ರಂಥಗಳು ಉಳಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ಮುದ್ರಣಯಂತ್ರವು ಬಂದಿತು. ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಬೆಟಗೇರಿಯಲ್ಲಿ ಅವರ ಕೇಂದ್ರವು ಸ್ಥಾಪಿತವಾದುದೂ ಅದೇ ವರ್ಷ. ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲನೆಯ ಸಂಪುಟವು ೧೯೦೭ರಲ್ಲಿ ಹೊರಬಂದ ಬಳಿಕ ಹಳೆಯ ಕವಿಗಳ ಹೆಸರುಗಳೊಂದಿಗೆ ಅತ್ತಿಮಬ್ಬೆಯ ಹೆಸರೂ ಶಾಲೆಗಳಲ್ಲಿ ಕೇಳಿಬರತೊಡಗಿತು. ಈಗ ಕರ್ನಾಟಕ ಸರ್ಕಾರವು ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಸಾಹಿತ್ಯಸೇವೆ ಮಾಡಿದ ಮಹಿಳೆಯರಿಗೆ ಪ್ರಶಸ್ತಿಯನ್ನು ಕೊಡುತ್ತಿದೆ.

ಇಂದು ಲಕ್ಕುಂಡಿಯ ಮಗ್ಗುಲಿನ ಗದಗ ಬೆಟಗೇರಿಯು ವಿದ್ಯೆಯ ಅನುಕೂಲತೆಗಳಲ್ಲಿ ಹಿಂದೆ ಬಿದ್ದಿಲ್ಲ. ೧೯೯೭ರಲ್ಲಿ ಗದಗವು ಜಿಲ್ಲಾ ಕೇಂದ್ರವಾಯಿತು. ೨೦೧೫ರಲ್ಲಿ ವೈದ್ಯಕೀಯ ವಿದ್ಯಾಲಯವೂ ೨೦೧೬ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಅಲ್ಲಿ ಪ್ರಾರಂಭವಾದವು. ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿಯು ರನ್ನನಂತೆ ನಾಡನ್ನೇ ದಾಟಿಹೋಗುವ ಕಾರಣವಿಲ್ಲ. ಬಸ್ಸಿನಲ್ಲಿ ಕುಳಿತು ಸಂಜೆಗೆ ಮನೆಗೆ ಮರಳಬಹುದು. ಬಾಗಿಲು ತೆರೆದಿದೆ. ಆ ಬಾಗಿಲಿನ ವರೆಗೆ ಮಗಳನ್ನು ಕಳುಹಿಸುವದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಮದುವೆಯ ಮಾತು ಬಂದಿತೆಂದು, ಮನೆಯಲ್ಲಿ ಸಾವುನೋವುಗಳಾದವೆಂದು, ಹಣದ ಮುಗ್ಗಟ್ಟಾಯಿತೆಂದು ಮೊದಲು ನಿಲ್ಲುವದು ಹೆಣ್ಣುಮಕ್ಕಳ ಓದೇ. ಅದಕ್ಕಿಂತ ದೊಡ್ಡ ದುಃಖವು ಒದಗಿದಾಗ್ಯೂ ಅತ್ತಿಮಬ್ಬೆಯು ತನ್ನ ಕೆಲಸವನ್ನು ನಿಲ್ಲಿಸಲಿಲ್ಲವೆಂಬುದನ್ನು ತಂದೆತಾಯಿಗಳು ಆಗ ಜ್ಞಾಪಿಸಿಕೊಳ್ಳಬೇಕು.

ಪೂರ್ವ ವಿದ್ಯಾರ್ಥಿನಿಯರಿಗೂ ಒಂದು ಮಾತು. ನಾವೆಲ್ಲರೂ ಸಾವಿರ ಪ್ರತಿಗಳನ್ನು ಮಾಡಿಸಲಾರೆವು. ಆದರೆ ಒಬ್ಬ ಬಡ ಹುಡುಗಿಗೆ ಒಂದು ವರ್ಷದ ಪುಸ್ತಕಗಳನ್ನು ಕೊಡಿಸುವದು, ತಾವು ಓದಿ ಮುಗಿಸಿದ ಗ್ರಂಥಗಳನ್ನು ಶಾಲೆಯ ಪುಸ್ತಕ ಭಂಡಾರಕ್ಕೆ ಒಪ್ಪಿಸುವದು, ಓದುಬರಹವಿಲ್ಲದ ನೆರೆಯವಳಿಗೆ ಸಂಜೆ ಅರ್ಧ ತಾಸು ಓದಿ ಹೇಳುವದು ನಮ್ಮ ಕೈಲಾಗದ ಕೆಲಸಗಳಲ್ಲ. ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ಲಕ್ಕುಂಡಿಗೂ ಹೋಗಿಬನ್ನಿರಿ. ಬ್ರಹ್ಮಜಿನಾಲಯದ ಕಂಬಗಳನ್ನೂ ಕೆತ್ತನೆಯನ್ನೂ ಅವರಿಗೆ ತೋರಿಸಿರಿ; ಜೊತೆಗೆ, ಇದನ್ನು ಕಟ್ಟಿಸಿದವಳು ಕಲ್ಲಿಗೆ ಕೊಟ್ಟಷ್ಟೇ ಮಮತೆಯನ್ನು ತಾಳೆಗರಿಗೂ ಕೊಟ್ಟಳೆಂಬುದನ್ನು ತಿಳಿಯಹೇಳಿರಿ.